ಅರ್ಧದಲ್ಲಿ ನಿಲ್ಲಿಸಿದ ಬೆಂಕಿ

ಚಕ್ಕಡಿ ಗಾಲಿಗೆ ಹಳಿ ಏರಿಸುವ ಕೆಲಸದಲ್ಲಿ ಅಳತೆ ಬೇಕೆಂದೇ ತಪ್ಪಾಗಿರಬೇಕು. ಕಮ್ಮಾರ ಬಾಗಿಸಿ ಬೆಸೆದ ಕಬ್ಬಿಣದ ಬಳೆ, ಬಡಿಗ ಮಾಡಿದ ಗಾಲಿಗಿಂತ ಚಿಕ್ಕದಿರಬೇಕು; ತಣ್ಣಗಿರುವಾಗ ಅದು ಗಾಲಿಯ ಮೇಲೆ ಏರಲೇಬಾರದು. ಏರಿತೆಂದರೆ ಬಳೆ ಸಡಿಲ, ಗಾಲಿ ಕೆಟ್ಟಂತೆಯೇ. ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ಈಗ ಕಬ್ಬು ಹೊರುವುದು ಬಹುಮಟ್ಟಿಗೆ ಟ್ರ್ಯಾಕ್ಟರ್ ಮತ್ತು ರಬ್ಬರ್ ಟೈರಿನ ಗಾಡಿ. ಕಾಗವಾಡ ತಾಲೂಕಿನ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ಹಿಂದೆ ಸಾಲುಗಟ್ಟಿ ನಿಲ್ಲುತ್ತಿದ್ದದ್ದು ಜಾಲಿ ಕಟ್ಟಿಗೆಯ ಗಾಲಿಗಳು. ಒಂದೊಂದು ಗಾಲಿಯ ಹಳಿಯ ಕೆಳಗೂ, ಯಾರಿಗೂ ಕಾಣದಂತೆ, ಸುಟ್ಟು ಕಪ್ಪಾದ ಒಂದು ತೆಳುವಾದ ಪದರ ಇರುತ್ತಿತ್ತು.

ಆ ಪದರ ಹುಟ್ಟುವುದು ಹೀಗೆ. ಹಳಿಯನ್ನು ನೆಲದ ಮೇಲೆ ಮಲಗಿಸಿ, ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಾಕುತ್ತಾರೆ. ಕುಳ್ಳಿನ ಬೆಂಕಿ ಕಟ್ಟಿಗೆಯ ಬೆಂಕಿಯ ಹಾಗೆ ಒಮ್ಮೆಲೇ ಭುಗಿಲೆದ್ದು ಇಳಿಯುವುದಿಲ್ಲ; ಹಳಿಯ ಉದ್ದಕ್ಕೂ ಒಂದೇ ಸಮ ಕಾಯುತ್ತದೆ. ಬಿಸಿ ಒಂದೊಂದು ಡಿಗ್ರಿ ಏರಿದ ಹಾಗೆ ಕಬ್ಬಿಣ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. ಏನೂ ಅಲ್ಲ ಅನ್ನಿಸಬಹುದು. ಆದರೆ 5 ಅಡಿ ಎತ್ತರದ ಗಾಲಿಯ ಸುತ್ತಳತೆ ಸುಮಾರು 4.8 ಮೀಟರ್, ಬಿಸಿ 500 ಡಿಗ್ರಿ ಏರಿದರೆ ಹಳಿ ಸುಮಾರು 29 ಮಿಲಿಮೀಟರ್ ಬೆಳೆಯುತ್ತದೆ, ಅಂದರೆ ಒಂದಂಗುಲಕ್ಕೂ ತುಸು ಹೆಚ್ಚು. ಕಮ್ಮಾರನ ಬಳಿ ಥರ್ಮಾಮೀಟರ್ ಇರುವುದಿಲ್ಲ, ಬೇಕಾಗಿಯೂ ಇಲ್ಲ. ನೆರಳಿನಲ್ಲಿ ನೋಡಿದಾಗ ಕಬ್ಬಿಣ ಕಂಡೂ ಕಾಣದ ಕೆಂಪಿಗೆ ತಿರುಗಿದರೆ ಸಾಕು. ಕಾದ ಘನವಸ್ತು ಯಾವುದೇ ಇರಲಿ, ಕಣ್ಣಿಗೆ ಕಾಣುವಂತೆ ಕೆಂಪಾಗಲು ಶುರುವಾಗುವುದು ಸುಮಾರು 525 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂದು 1847ರಲ್ಲಿ ಜಾನ್ ವಿಲಿಯಂ ಡ್ರೇಪರ್ ಎಂಬ ವಿಜ್ಞಾನಿ ತೋರಿಸಿಕೊಟ್ಟ. ಕಮ್ಮಾರರ ಕಣ್ಣಿಗೆ ಅದು ಮೊದಲೇ ರೂಢಿಯಾಗಿತ್ತು.

ನಾಲ್ಕು ಜನ ಇಕ್ಕಳ ಹಿಡಿದು ಕಾದ ಹಳಿಯನ್ನು ಎತ್ತಿ ಗಾಲಿಯ ಮೇಲೆ ಇಳಿಸುತ್ತಾರೆ. ಕಟ್ಟಿಗೆ ಚುರ್ರೆನ್ನುತ್ತದೆ, ದಟ್ಟ ಹೊಗೆ ಏಳುತ್ತದೆ, ಅಂಚಿನಲ್ಲಿ ಅಲ್ಲಲ್ಲಿ ಉರಿಯ ನಾಲಿಗೆ. ಸುತ್ತಿಗೆಯ ಏಟು ನಾಲ್ಕು ಬೀಳುವಷ್ಟರಲ್ಲಿ ಯಾರೋ ಕೂಗುತ್ತಾರೆ: “ನೀರ್ ಹಾಕ್ರೋ, ತಡಾ ಮಾಡಬ್ಯಾಡ್ರಿ!” ಕೊಡಗಟ್ಟಲೆ ನೀರು ಬೀಳುತ್ತದೆ. ಹಳಿ ಕುಗ್ಗುತ್ತದೆ, ಅರೆಗಳು ನರಳುತ್ತ ತಮ್ಮ ತೂತುಗಳೊಳಕ್ಕೆ ಬಿಗಿಯಾಗುತ್ತವೆ.

ಇಲ್ಲೊಂದು ಸೋಜಿಗವಿದೆ. ಕಟ್ಟಿಗೆ ಸುಡಲು 300 ಡಿಗ್ರಿ ಧಾರಾಳವಾಗಿ ಸಾಕು. 500 ಡಿಗ್ರಿಗೂ ಮೀರಿ ಕಾದ ಕಬ್ಬಿಣ ಹೆಚ್ಚುಕಡಿಮೆ ಒಂದು ನಿಮಿಷ ಅದನ್ನು ಅಪ್ಪಿಕೊಂಡಿತ್ತು. ಆದರೂ ಸುಟ್ಟದ್ದು ಕೆಲವೇ ಮಿಲಿಮೀಟರ್. ಅದರ ಕೆಳಗಿನ ಜಾಲಿಗೆ ಬೆಂಕಿಯ ಸುದ್ದಿಯೇ ಮುಟ್ಟಿಲ್ಲ. ಬೆಂಕಿಯನ್ನು ಹೀಗೆ ಅರ್ಧದಲ್ಲಿ ನಿಲ್ಲಿಸಲು ಬರುತ್ತದೆ ಎಂಬುದರಿಂದಲೇ ಬಂಡಿಯ ಗಾಲಿ ಉಳಿಯುತ್ತದೆ. ಕಟ್ಟಿಗೆಯ ಮೇಲೆ ಬೆಂಕಿಯಿಂದ ಗೆರೆ, ಬಳ್ಳಿ, ನೆರಳು ಮೂಡಿಸುವ ಕಲೆಗೂ ಇದೇ ಬುನಾದಿ. ಆ ಕಲೆಯಲ್ಲಿ ನುರಿತವರು ಎಷ್ಟು ಬಿಸಿ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಎಷ್ಟು ಹೊತ್ತು ಎಂದು ಲೆಕ್ಕ ಇಡುತ್ತಾರೆ. ಅವರು ಹಾಗೇಕೆ ಮಾಡುತ್ತಾರೆ ಎಂದು ತಿಳಿಯಲು ಕಟ್ಟಿಗೆಯ ಒಳಗೆ ಇಳಿಯಬೇಕು.

ಒಣಗಿದ ಕಟ್ಟಿಗೆಯಲ್ಲಿ ಮುಖ್ಯವಾಗಿ ಇರುವುದು ಮೂರು ಪದಾರ್ಥ. ತೂಕದಲ್ಲಿ ನೂರಕ್ಕೆ 40ರಿಂದ 50 ಪಾಲು ಸೆಲ್ಯುಲೋಸ್: ಉದ್ದುದ್ದ ಎಳೆಗಳು, ಕಟ್ಟಿಗೆಯ ಕಸುವೆಲ್ಲ ಇದರದು. ಆ ಎಳೆಗಳ ನಡುವೆ ತುಂಬಿಕೊಂಡ ಹೆಮಿಸೆಲ್ಯುಲೋಸ್. ಇವೆರಡನ್ನೂ ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್. ಇವುಗಳ ಜೊತೆಗೆ ನೀರು. ಹೊರಗಿಟ್ಟು ಒಣಗಿಸಿದ ಕಟ್ಟಿಗೆಯಲ್ಲೂ ಶೇಕಡ ಹತ್ತು ಹನ್ನೆರಡರಷ್ಟು ನೀರು ಉಳಿದಿರುತ್ತದೆ. ಬಿಸಿ ತಾಗಿದಾಗ ಮೊದಲು ಹೊರಡುವುದು ಆ ನೀರು. ಅದು ಆವಿಯಾಗುವಾಗ ಭಾರಿ ಶಾಖ ನುಂಗುತ್ತದೆ. ಹಸಿ ಕಟ್ಟಿಗೆಯ ಮೇಲೆ ಬಿಸಿ ಸಲಾಕೆ ಇಟ್ಟರೆ ಗೆರೆ ಮಂಕಾಗಿ, ಅಂಚು ಕದಡಿದ ಹಾಗೆ ಮೂಡುವುದು ಇದರಿಂದಲೇ.

ನೀರಿನ ನಂತರ ಸರದಿ ಹೆಮಿಸೆಲ್ಯುಲೋಸಿನದು. ಸುಮಾರು 220 ಡಿಗ್ರಿಯಿಂದ 315 ಡಿಗ್ರಿಯೊಳಗೆ ಅದರ ಬಹುಪಾಲು ಒಡೆದುಹೋಗುತ್ತದೆ. ಅದೂ ಸಕ್ಕರೆಯ ಕುಲದ್ದೇ ಆದ್ದರಿಂದ ಒಡೆಯುವಾಗ ಬಣ್ಣ ಕಟ್ಟುತ್ತದೆ: ಮೊದಲು ಜೇನುಬಣ್ಣ, ಆಮೇಲೆ ಕಂದು. ಹಂಚಿನ ಮೇಲಿನ ಜೋಳದ ರೊಟ್ಟಿಯಲ್ಲಿ ಏಳುವ ಕಂದು ಚುಕ್ಕೆಗಳ ರಸಾಯನಕ್ಕೂ ಇದಕ್ಕೂ ಹತ್ತಿರದ ನಂಟು. ಸುಮಾರು 315 ದಾಟಿದ ಮೇಲೆ ಸೆಲ್ಯುಲೋಸ್ ಕುಸಿಯುತ್ತದೆ, 400 ಮುಟ್ಟುವಷ್ಟರಲ್ಲಿ ಹೆಚ್ಚೂ ಕಡಿಮೆ ಮುಗಿದೇ ಹೋಗುತ್ತದೆ. ದಟ್ಟ ಹೊಗೆ ಬರುವುದು ಈ ಹಂತದಲ್ಲಿ. ನಾವು ಕಟ್ಟಿಗೆ ಉರಿಯುತ್ತಿದೆ ಅನ್ನುತ್ತೇವಲ್ಲ, ಆಗ ಉರಿಯುವುದು ನಿಜಕ್ಕೂ ಕಟ್ಟಿಗೆ ಅಲ್ಲ. ಅದರಿಂದ ಹೊರಬಿದ್ದ ಈ ಅನಿಲಗಳು. ಲಿಗ್ನಿನ್‌ಗೆ ಮಾತ್ರ ಯಾವ ಆತುರವೂ ಇಲ್ಲ. 160 ಡಿಗ್ರಿಯಲ್ಲೇ ಮೆಲ್ಲಗೆ ಸಡಿಲವಾಗಲು ಶುರುಮಾಡಿ 900ರವರೆಗೂ ಎಳೆದುಕೊಂಡು ಹೋಗುತ್ತದೆ. ಇದ್ದಿಲಾಗಿ ಕೊನೆಗೆ ಉಳಿಯುವುದರಲ್ಲಿ ಇದರ ಪಾಲೇ ದೊಡ್ಡದು.

ಹಾಗಾಗಿ ಸುಟ್ಟ ಗೆರೆಯ ಬಣ್ಣ ನೋಡಿ ಬೆಂಕಿ ಎಲ್ಲಿಯವರೆಗೆ ಹೋಗಿತ್ತು ಎಂದು ಹೇಳಬಹುದು. ಜೇನುಬಣ್ಣ ಇದ್ದರೆ ಸೆಲ್ಯುಲೋಸ್ ಇನ್ನೂ ಗಟ್ಟಿ ಇದೆ, ಕಟ್ಟಿಗೆಯ ಮೈ ನುಣುಪಾಗಿಯೇ ಇದೆ. ಕಡುಕಪ್ಪು ಇದ್ದರೆ ಅದು ಇದ್ದಿಲು. ಬೆರಳಿಗೆ ಅಂಟುತ್ತದೆ, ಉಗುರಿನಿಂದ ಕೆರೆದರೆ ಪುಡಿಯಾಗುತ್ತದೆ. ಇದ್ದಿಲಿನಿಂದ ಮುಂದೆ ಹೋದರೆ ಬೂದಿ. ಬೂದಿಯಾಗಲು ಗಾಳಿ ಬೇಕು. ಹಳಿಯ ಅಡಿಯಲ್ಲಿ ಗಾಳಿಗೆ ಜಾಗವೇ ಇಲ್ಲ. ಕಟ್ಟಿಗೆ ಅಲ್ಲಿ ಇದ್ದಿಲಿನ ಮಟ್ಟಕ್ಕೆ ಬಂದು ನಿಲ್ಲಬೇಕಾಗುತ್ತದೆ.

ಇನ್ನು ಹೊತ್ತಿನ ಮಾತು. ಕಟ್ಟಿಗೆ ಶಾಖವನ್ನು ಒಳಕ್ಕೆ ಬಿಟ್ಟುಕೊಳ್ಳುವುದರಲ್ಲಿ ಮಹಾ ಜಿಪುಣ. ಶಾಖ ಒಳಗೆ ಎಷ್ಟು ಆಳ ಇಳಿಯಿತು ಎಂಬುದು ಸಮಯದ ವರ್ಗಮೂಲವನ್ನು ಅವಲಂಬಿಸಿರುತ್ತದೆ. ಆಳ ಎರಡು ಪಟ್ಟಾಗಬೇಕಾದರೆ ನಾಲ್ಕು ಪಟ್ಟು ಹೊತ್ತು ಕಾಯಬೇಕು. ಸಾಧಾರಣ ಕಟ್ಟಿಗೆಗೆ ಲೆಕ್ಕ ಹಾಕಿದರೆ ಒಂದು ಸೆಕೆಂಡಿನಲ್ಲಿ ಶಾಖ ಇಳಿಯುವುದು 0.4 ಮಿಲಿಮೀಟರಿನಷ್ಟು. 4 ಸೆಕೆಂಡಿಗೆ 0.8. ಇಡೀ ನಿಮಿಷ ಕಾದರೂ 3 ಮಿಲಿಮೀಟರ್. ಅದೇ ಹೊತ್ತಿನಲ್ಲಿ ಕಬ್ಬಿಣದೊಳಗೆ ಶಾಖ ಇದರ ಸುಮಾರು ಹತ್ತು ಪಟ್ಟು ದೂರ ಓಡಿರುತ್ತದೆ. ಹಳಿಯ ಕಥೆ ಈ ಲೆಕ್ಕದಲ್ಲೇ ಮುಗಿಯಿತು: ಒಂದು ನಿಮಿಷದೊಳಗೆ ನೀರು ಬಿತ್ತು, ಒಂದೆರಡು ಮಿಲಿಮೀಟರ್ ಸುಟ್ಟಿತು. “ತಡಾ ಮಾಡಬ್ಯಾಡ್ರಿ” ಎಂಬ ಕೂಗಿನಲ್ಲಿ ಈ ಗಣಿತವೇ ಇರುವುದು. ಮೇಲಾಗಿ ಸುಟ್ಟ ಪದರ ಹಸನಾದ ಕಟ್ಟಿಗೆಗಿಂತಲೂ ಹೆಚ್ಚು ಶಾಖ ತಡೆಯುತ್ತದೆ. ಬೆಂಕಿ ತನ್ನ ದಾರಿಗೆ ತಾನೇ ಅಡ್ಡ ಹಾಕಿಕೊಳ್ಳುತ್ತದೆ. ದೊಡ್ಡ ತೊಲೆಗಳು ಬೆಂಕಿ ಅನಾಹುತದಲ್ಲಿ ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರಿಗಿಂತ ಕಡಿಮೆ ವೇಗದಲ್ಲಿ ಇದ್ದಿಲಾಗುತ್ತ ಹೋಗುತ್ತವೆ ಎಂದು ಕಟ್ಟಡದ ಎಂಜಿನಿಯರುಗಳು ಲೆಕ್ಕ ಹಿಡಿಯುವುದು ಇದೇ ಧೈರ್ಯದ ಮೇಲೆ.

ಈಗ ಗಾಲಿಯಿಂದ ಲೇಥಿಗೆ ಬರೋಣ. ಅಮೆರಿಕದಲ್ಲಿ ಬಾತುಕೋಳಿ, ಟರ್ಕಿ ಕೋಳಿಗಳ ಬೇಟೆಗೆ ಪರವಾನಗಿ ಉಂಟು. ಹಕ್ಕಿಯ ಕೂಗನ್ನೇ ಹೊರಡಿಸುವ ಮರದ ಪೀಪಿಗಳನ್ನು ಲೇಥಿನ ಮೇಲೆ ಕಡೆದು, ಮೈಮೇಲೆ ಬೆಂಕಿಯಿಂದ ಚಿತ್ತಾರ ಬಿಡಿಸಿ ಮಾರುವ ಕುಶಲಕರ್ಮಿಗಳು ಅಲ್ಲಿ ಬಹಳ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗೆ ಬಾಗಿಲು ಮುಚ್ಚಿದೆ. ಅದಕ್ಕೆ ಮೊದಲೂ ನಮ್ಮ ಕಡೆಯ ಬೇಟೆಗಾರರಿಗೆ ಪೀಪಿಯ ಹಂಗು ಅಷ್ಟಾಗಿ ಇರಲಿಲ್ಲ. ಹರಣಶಿಕಾರಿ ಸಮುದಾಯದವರು ಗೌಜಲಹಕ್ಕಿಯನ್ನು ಸಾಕಿ ಪಳಗಿಸಿ, ಅದರ ಕೂಗಿನಿಂದಲೇ ಇತರ ಗೌಜಲಗಳನ್ನು ಬಲೆಯ ಹತ್ತಿರಕ್ಕೆ ಕರೆಸುತ್ತಿದ್ದರು. ಹಕ್ಕಿಯೇ ಪೀಪಿ. ಹಾಗಾಗಿ ಸುಟ್ಟು ಸಿಂಗರಿಸಿದ ಬೇಟೆಯ ಪೀಪಿಯನ್ನು ಕೃಷ್ಣಾ ದಂಡೆಯಲ್ಲಿ ಹುಡುಕಿದರೆ ಸಿಗಲಿಕ್ಕಿಲ್ಲ. ಅದರ ಹಿಂದಿನ ಎರಡು ಕಸುಬು, ಕಡೆಯುವುದು ಮತ್ತು ಸುಡುವುದು, ಇಲ್ಲಿ ಬೇರೆ ಬೇರೆ ಮನೆಗಳಲ್ಲಿ ಬಾಳಿವೆ.

ಕಡೆದ ಮರದ ಮೇಲೆ ಕಪ್ಪು ಬಳೆ ಬರೆಯುವ ಒಂದು ಉಪಾಯಕ್ಕೆ ಬೆಂಕಿಯೇ ಬೇಡ. ತಿರುಗುತ್ತಿರುವ ಮರದ ಮೇಲೆ ಉಳಿಯ ಮೂಲೆಯಿಂದ ಸಣ್ಣ ಗೀರು ಹಾಕಿ, ಆ ಗೀರಿನೊಳಗೆ ಬಿಗಿಯಾಗಿ ಹಿಡಿದ ಉಕ್ಕಿನ ತಂತಿ ಒತ್ತಿದರೆ ಸಾಕು. ಕೆಲವೇ ಸೆಕೆಂಡಿನಲ್ಲಿ ಹೊಗೆ ಏಳುತ್ತದೆ, ಕೂದಲೆಳೆಯಂಥ ಕಪ್ಪು ಗೆರೆ ಮರದ ಸುತ್ತ ಮೂಡುತ್ತದೆ. ಶಾಖ ಎಲ್ಲಿಂದ ಬಂತು? ಲೆಕ್ಕ ಹಾಕಿ ನೋಡಬಹುದು. 4 ಸೆಂಟಿಮೀಟರ್ ದಪ್ಪದ ಮರ ನಿಮಿಷಕ್ಕೆ 2000 ಸುತ್ತು ತಿರುಗಿದರೆ ಅದರ ಮೈ ತಂತಿಯ ಕೆಳಗೆ ಸೆಕೆಂಡಿಗೆ 4.2 ಮೀಟರ್ ಓಡುತ್ತದೆ. ತಂತಿಯ ಘರ್ಷಣೆ ಮುಕ್ಕಾಲು ಕಿಲೋ ತೂಕಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 8 ನ್ಯೂಟನ್ ಎಂದು ಹಿಡಿದರೆ, ಹುಟ್ಟುವ ಶಾಖ ಸುಮಾರು 33 ವ್ಯಾಟ್. ರೇಡಿಯೋ ರಿಪೇರಿಯ ಸೋಲ್ಡರಿಂಗ್ ಐರನ್ನಿಗೂ ಅಷ್ಟೇ ವ್ಯಾಟ್. ಆದರೆ ಈ ಶಾಖವೆಲ್ಲ ಬೀಳುವುದು ಒಂದು ಮಿಲಿಮೀಟರ್ ಅಗಲದ ಗೆರೆಯ ಮೇಲೆ. ಅರ್ಧ ಶಾಖ ತಂತಿಗೇ ಹೋಯಿತು ಎಂದು ಬಿಟ್ಟುಕೊಟ್ಟರೂ ಮೂರು ಸೆಕೆಂಡಿನಲ್ಲಿ ಆ ಗೆರೆ ಇದ್ದಿಲಾಗುವ ಮಟ್ಟ ದಾಟಿರುತ್ತದೆ, ಪಕ್ಕದ ಕಟ್ಟಿಗೆ ಮುಟ್ಟಿದರೆ ತಣ್ಣಗೆ. ಜಿಪುಣತನ ಇಲ್ಲಿ ವರವಾಯಿತು. ಅಲ್ಯೂಮಿನಿಯಂ ಸಲಾಕೆಯ ಮೇಲೆ ಇದೇ ಆಟ ಆಡಿದರೆ ಶಾಖ ಕ್ಷಣದಲ್ಲಿ ಇಡೀ ಸಲಾಕೆಗೆ ಹರಡಿ ಯಾವ ಗೆರೆಯೂ ಮೂಡುವುದಿಲ್ಲ. ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು: ತಂತಿಯ ತುದಿಗಳನ್ನು ಬೆರಳಿಗೆ ಸುತ್ತಿಕೊಳ್ಳಬಾರದು. ಎರಡು ತುದಿಗೂ ಮರದ ಹಿಡಿ ಇರಬೇಕು. ಲೇಥ್ ತಂತಿಯನ್ನು ಎಳೆದುಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ನಮ್ಮ ನಾಡಿನ ಹೆಸರುವಾಸಿ ಲೇಥ್ ಕಸುಬು ಚನ್ನಪಟ್ಟಣದ್ದು. ಅಲ್ಲಿಯೂ ಚಿತ್ತಾರಕ್ಕೆ ಘರ್ಷಣೆಯ ಶಾಖವೇ ಆಧಾರ, ಆದರೆ ಗುರಿ ಬೇರೆ. ತಿರುಗುವ ಆಲೆ ಮರದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತುತ್ತಾರೆ. 70–80 ಡಿಗ್ರಿಯ ಆಸುಪಾಸಿನಲ್ಲೇ ಅರಗು ಮೆತ್ತಗಾಗಿ ಮರಕ್ಕೆ ಬಳಿದುಕೊಳ್ಳುತ್ತದೆ, ಆಮೇಲೆ ಗರಿಯೊತ್ತಿ ಹೊಳಪು ಬರಿಸುತ್ತಾರೆ. ಒತ್ತಡ ಸ್ವಲ್ಪ ಹೆಚ್ಚಾದರೆ ಬಣ್ಣ ಕರಟುತ್ತದೆ. ಒಂದೇ ಯಂತ್ರ, ಒಂದೇ ಘರ್ಷಣೆ. 80 ಡಿಗ್ರಿಯಲ್ಲಿ ಕೈ ತಡೆದರೆ ಅರಗಿನ ಬಣ್ಣ, 350ಕ್ಕೆ ಬಿಟ್ಟರೆ ಮರದ್ದೇ ಕಪ್ಪು. ಬೆಳಗಾವಿ ಜಿಲ್ಲೆಯಲ್ಲೇ ಇರುವ ಗೋಕಾಕದ ಗೊಂಬೆಗಾರರು ಈ ಎರಡೂ ದಾರಿ ಬಿಟ್ಟು, ಹಗುರ ಮರದ ಹಣ್ಣು–ಕಾಯಿಗಳಿಗೆ ಕುಂಚದಿಂದಲೇ ಬಣ್ಣ ಹಚ್ಚುತ್ತಾರೆ. ಗೋಕಾಕದ ಮಾವಿನಹಣ್ಣನ್ನು ನಿಜವೆಂದು ನಂಬಿಸಬೇಕಾಗಿರುವುದರಿಂದ ಅಲ್ಲಿ ಕಂದು–ಕಪ್ಪು ಸಾಕಾಗುವುದಿಲ್ಲ.

ಕಡೆದ ಮೈಯ ಮೇಲೆ ಬಳೆಬಳೆಯಾಗಿ ಗೆರೆ ಬರಬೇಕು ಎಂಬ ರುಚಿ ಹೊಸತೇನಲ್ಲ. ಕಾಗವಾಡದಿಂದ ಗಡಿ ದಾಟಿ ಕೃಷ್ಣಾ ದಂಡೆಯ ಖಿದ್ರಾಪುರಕ್ಕೆ ಹೋದರೆ ಶಿಲಾಹಾರರ ಕಾಲದ, 12ನೇ ಶತಮಾನದ ಕೊಪ್ಪೇಶ್ವರ ದೇವಾಲಯವಿದೆ. ಅದರ ಕಂಬಗಳ ಮೇಲಿನ ಉಂಗುರಗಳನ್ನು ನೋಡಿದವರು ಕಲ್ಲಿಗೂ ಲೇಥ್ ಹಿಡಿದಿದ್ದರೇ ಎಂದು ಕೇಳದೆ ಬರುವುದಿಲ್ಲ. ಕಲ್ಲಿಗೆ ಒಂದು ಅನುಕೂಲ ಇಲ್ಲ: ಸುಟ್ಟು ಗೆರೆಗೆ ಕಪ್ಪು ತುಂಬಲು ಬರುವುದಿಲ್ಲ. ಅಲ್ಲಿ ಕಪ್ಪು ಕೊಡುವ ಕೆಲಸ ಬಿಸಿಲಿನ ನೆರಳಿಗೆ.

ತಂತಿ ಗೆರೆಗೆ ಸರಿ. ಇಡೀ ಮೈಗೆ ಬಣ್ಣ ಬೇಕೆಂದರೆ ಗ್ಯಾಸ್ ಟಾರ್ಚ್ ಬೇಕು. ಅಡುಗೆ ಅನಿಲ ಗಾಳಿಯ ಜೊತೆ ಉರಿಯುವಾಗ ಜ್ವಾಲೆಯ ಬಿಸಿ 1900 ಡಿಗ್ರಿಯ ಆಸುಪಾಸಿಗೆ ಹೋಗಬಲ್ಲದು. ಕಟ್ಟಿಗೆಗೆ ಬೇಕಾದದ್ದಕ್ಕಿಂತ ಆರು ಪಟ್ಟು. ಇಂಥ ಬಿಸಿಯಲ್ಲಿ ನಾಜೂಕಿನ ಕೆಲಸ ಹೇಗೆ? ಟಾರ್ಚನ್ನು ನಿಲ್ಲಗೊಡದೆ ಸರಿಸುತ್ತಿದ್ದರೆ ಆಯಿತು. ಮರದ ಒಂದೊಂದು ಚುಕ್ಕೆಗೂ ಸಿಗುವುದು ಕಾಲೋ ಅರ್ಧವೋ ಸೆಕೆಂಡ್. ಬಿಸಿ ವಿಪರೀತ ಇದ್ದಷ್ಟೂ ಮೇಲ್ಮೈ ಬೇಗ ಬಣ್ಣ ತಿರುಗುತ್ತದೆ, ಒಳಕ್ಕೆ ಶಾಖ ಇಳಿಯಲು ಅಷ್ಟು ಕಡಿಮೆ ಹೊತ್ತು ಸಿಗುತ್ತದೆ. ಮಂದ ಬೆಂಕಿಯಲ್ಲಿ ನಿಧಾನವಾಗಿ ಸುಡುವುದು ಸುರಕ್ಷಿತ ಎಂದು ನಮಗೆ ಅನ್ನಿಸುತ್ತದೆ. ಕಟ್ಟಿಗೆಯ ವಿಷಯದಲ್ಲಿ ಅದು ತಿರುಗುಮುರುಗು. ನಿಧಾನ ಮಾಡಿದರೆ ನೀರು ಒಳಗಿನಿಂದಲೂ ಹೋಗಿ, ಮರ ಕುಗ್ಗಿ, ತೆಳುವಾದ ಕೊಳವೆ ಸೀಳಿಬಿಡುತ್ತದೆ.

ಟಾರ್ಚ್ ಎಲ್ಲ ಮರವನ್ನೂ ಒಂದೇ ಥರ ನೋಡುವುದಿಲ್ಲ. ಸಾಗುವಾನಿಯಲ್ಲಿ ವರ್ಷದ ಮೊದಲಿಗೆ ಬೆಳೆದ ಭಾಗದಲ್ಲಿ ದೊಡ್ಡ ರಂಧ್ರಗಳು, ಆಮೇಲೆ ಬೆಳೆದ ಭಾಗ ದಟ್ಟ. ಸಡಿಲ ಭಾಗ ಬೇಗ ಸುಟ್ಟು ತಗ್ಗಾಗುತ್ತದೆ, ದಟ್ಟ ಭಾಗ ತಡೆದು ನಿಲ್ಲುತ್ತದೆ. ಮೇಲಿನ ಮಸಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿದರೆ ಮರ ತನ್ನ ವರ್ಷಗಳನ್ನು ತಾನೇ ಕೆತ್ತಿ ತೋರಿಸುತ್ತದೆ. ಆಲೆ ಮರದ ರಂಧ್ರಗಳು ಸಣ್ಣವು ಮತ್ತು ಎಲ್ಲೆಡೆ ಸಮನಾಗಿ ಹರಡಿಕೊಂಡಿವೆ. ಬಣ್ಣವೂ ದಂತದಂತೆ ಬಿಳುಪು. ಅಲ್ಲಿ ಬೆಂಕಿ ಸಮನಾದ ನೆರಳು ಕೊಡುತ್ತದೆ, ಚಿತ್ರ ಬಿಡಿಸುವವರಿಗೆ ಅದೇ ಬೇಕು. ಬೀಟೆಗೆ ಟಾರ್ಚ್ ಹಿಡಿಯುವುದು ನನ್ನ ಮಟ್ಟಿಗೆ ದುಡ್ಡು ಸುಟ್ಟಂತೆ. ಮೊದಲೇ ಕಪ್ಪು ಇರುವ ಮರ, ಏನು ಬರೆದರೂ ಕಾಣುವುದಿಲ್ಲ.

ಇಡೀ ಮನೆಯ ಹಲಗೆಗಳನ್ನು ಸುಡುವ ಜನರೂ ಇದ್ದಾರೆ. ಜಪಾನಿನಲ್ಲಿ ಸುಗಿ ಎಂಬ ಮರದ ಮೂರು ಹಲಗೆ ಸೇರಿಸಿ ತ್ರಿಕೋನದ ಚಿಮಣಿಯಂತೆ ಕಟ್ಟಿ, ಕೆಳಗಿನಿಂದ ಬೆಂಕಿ ಕೊಟ್ಟು ಒಳಮೈಯನ್ನು ಇದ್ದಿಲು ಮಾಡಿ, ಆ ಮೈಯನ್ನು ಹೊರಗೆ ಮಾಡಿ ಗೋಡೆಗೆ ಹೊಡೆಯುತ್ತಾರೆ. ನಮ್ಮ ರೈತರು ಬೇಲಿ ಗೂಟದ ಬುಡ ಸುಟ್ಟು ನೆಡುವುದೂ ಇದೇ ನಂಬಿಕೆಯಿಂದ: ಸುಟ್ಟದ್ದಕ್ಕೆ ಗೆದ್ದಲು ಹಿಡಿಯದು. ಇದ್ದಿಲನ್ನು ಗೆದ್ದಲು ತಿನ್ನುವುದಿಲ್ಲ ಎಂಬುದು ನಿಜವೇ. ಆದರೆ ಇದ್ದಿಲಿನ ಪದರ ಒಣಗಿ ಬಿರುಕು ಬಿಡುತ್ತದೆ, ಮಳೆನೀರು ಬಿರುಕಿನಲ್ಲಿ ಇಳಿದು ಒಳಗಿನ ಹಸನಾದ ಕಟ್ಟಿಗೆಗೆ ಶಿಲೀಂಧ್ರ ಹತ್ತುತ್ತದೆ. ಅಮೆರಿಕದ ಮ್ಯಾಡಿಸನ್ನಿನ ಫಾರೆಸ್ಟ್ ಪ್ರಾಡಕ್ಟ್ಸ್ ಲ್ಯಾಬೊರೇಟರಿ ಇಂಥ ಗೂಟಗಳನ್ನು ನೆಟ್ಟು ನೋಡಿ, ಸುಡುವುದರಿಂದ ಹೇಳಿಕೊಳ್ಳುವಂಥ ಲಾಭವಿಲ್ಲ ಎಂದು ಕಂಡುಕೊಂಡಿತು. ಅಥಣಿಯ ಎರೆಮಣ್ಣಿನ, ಬೇಸಿಗೆಗೆ ಬಾಯಿಬಿಟ್ಟು ಮಳೆಗೆ ಕೆಸರಾಗುವ ನೆಲದಲ್ಲಿ ಗೂಟ ನಿಲ್ಲಬೇಕಾದರೆ ಕಪ್ಪು ಬಣ್ಣವೊಂದನ್ನೇ ನಂಬಿ ಪ್ರಯೋಜನವಿಲ್ಲ.

ಕಪ್ಪಿಗಿಂತ ಕಂದು ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬುದು ಈ ವಿಷಯದ ಸ್ವಾರಸ್ಯ. ಫಿನ್‌ಲೆಂಡಿನಲ್ಲಿ 1990ರ ದಶಕದಲ್ಲಿ ಬೆಳೆದ ಒಂದು ವಿಧಾನದಲ್ಲಿ ಹಲಗೆಗಳನ್ನು ಹಬೆ ತುಂಬಿದ ಒಲೆಯಲ್ಲಿಟ್ಟು 180ರಿಂದ 215 ಡಿಗ್ರಿಯವರೆಗೆ ಗಂಟೆಗಟ್ಟಲೆ ಕಾಯಿಸುತ್ತಾರೆ. ಸುಡುವುದಿಲ್ಲ, ಹೆಮಿಸೆಲ್ಯುಲೋಸ್ ಅಷ್ಟೇ ಒಡೆಯುತ್ತದೆ. ನೀರನ್ನು ಹೀರಿ ಹಿಡಿದುಕೊಳ್ಳುತ್ತಿದ್ದದ್ದೂ ಅದೇ, ಶಿಲೀಂಧ್ರಕ್ಕೆ ಸುಲಭದ ತುತ್ತಾಗಿದ್ದದ್ದೂ ಅದೇ. ಅದು ಹೋದ ಮೇಲೆ ಹಲಗೆ ಕಂದಾಗಿ, ಮಳೆಗಾಲದಲ್ಲಿ ಅಷ್ಟಾಗಿ ಉಬ್ಬದೆ, ಹೆಚ್ಚು ಬಾಳುತ್ತದೆ. ಸ್ವಲ್ಪ ಪೆಡಸಾಗುತ್ತದೆ ಎಂಬುದೊಂದು ಕೊರತೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಸಂಸ್ಥೆಯಂಥ ಕಡೆಗಳಲ್ಲಿ ಮರ ಬಾಳಿಸುವುದೇ ಒಂದು ದೊಡ್ಡ ಅಧ್ಯಯನ. ಆ ಸಂಸ್ಥೆಯ ಬೇರು 1938ರ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾಲಯದಲ್ಲಿದೆ.

ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯ ಜಾತ್ರೆಗಳಲ್ಲಿ ಬೆಂಕಿಯ ನಾಜೂಕು ಕೆಲಸ ಕೈಗೆ ಸಿಗುವುದು ಕೊಳಲಿನ ರೂಪದಲ್ಲಿ. ಚಿಂಚಲಿಯ ಮಾಯಕ್ಕನ ಜಾತ್ರೆಯೋ ಕೊಕಟನೂರಿನ ಯಲ್ಲಮ್ಮನ ಜಾತ್ರೆಯೋ ಇರಲಿ, ಕೋಲಿಗೆ ಕೊಳಲು ಚುಚ್ಚಿಕೊಂಡು ತಾನೇ ನುಡಿಸುತ್ತ ತಿರುಗುವ ಮಾರಾಟಗಾರ ಇದ್ದೇ ಇರುತ್ತಾನೆ. ಆ ಕೊಳಲಿನ ತೂತಿನ ಅಂಚು ನೋಡಿ: ಕಂದು, ಒಳಗೆ ಕಪ್ಪು. ಅದನ್ನು ಕೊರೆದಿಲ್ಲ, ಕಾದ ಸಲಾಕೆಯಿಂದ ಸುಟ್ಟಿದ್ದಾರೆ. ಬಿದಿರಿನ ನಾರೆಲ್ಲ ಉದ್ದಕ್ಕೇ ಓಡುತ್ತದೆ, ಅಡ್ಡಕ್ಕೆ ಹಿಡಿದಿಡುವ ನಾರು ಇಲ್ಲವೆಂದೇ ಹೇಳಬೇಕು. ಡ್ರಿಲ್ಲಿನ ಬಾಯಿ ನಾರನ್ನು ಎಳೆದರೆ ಬಿದಿರು ತುದಿಯವರೆಗೂ ಸೀಳಬಹುದು. ಸಲಾಕೆ ಯಾವುದನ್ನೂ ಎಳೆಯುವುದಿಲ್ಲ. ತನ್ನ ಕೆಳಗಿನದನ್ನು ಹೊಗೆಯಾಗಿಸಿ ಇಳಿಯುತ್ತದೆ. ಗಾಲಿಯ ಹಳಿಯನ್ನು ಕಾಯಿಸಿದ ಅದೇ ಮಬ್ಬುಗೆಂಪು ಇಲ್ಲೂ ಸಾಕು.

ತೂತಿನ ಜಾಗ ಮತ್ತು ಅಗಲ ಎರಡೂ ಸ್ವರವನ್ನು ತೀರ್ಮಾನಿಸುತ್ತವೆ. ತೂತು ದೊಡ್ಡದಾದಷ್ಟೂ ಕೊಳಲಿನೊಳಗಿನ ಗಾಳಿಯ ಕಂಬ ಚಿಕ್ಕದಾದಂತೆ ವರ್ತಿಸುತ್ತದೆ, ಸ್ವರ ಏರುತ್ತದೆ. ಆದ್ದರಿಂದ ಮಾಡುವವರು ಮೊದಲು ಸಣ್ಣ ಸಲಾಕೆಯಿಂದ ತೂತು ಹಾಕಿ, ಊದಿ ಕೇಳಿ, ತಗ್ಗಾಗಿದ್ದರೆ ದಪ್ಪ ಸಲಾಕೆಯಿಂದಲೋ ಅರದಿಂದಲೋ ಅಗಲ ಮಾಡುತ್ತಾರೆ. ಸ್ವರ ಏರಿಸಬಹುದು, ಇಳಿಸಲು ಬರುವುದಿಲ್ಲ. ಏರಿ ಹೋದ ಕೊಳಲು ಮಕ್ಕಳ ಪಾಲು. ಕಾಗವಾಡದಿಂದ ಕೂಗಳತೆಯಲ್ಲಿರುವ ಮಿರಜಿನ ತಂಬೂರಿ–ಸಿತಾರ್ ಮಾಡುವವರಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಸಿಕ್ಕಿತು. ಸ್ವರ ತಪ್ಪಿದರೆ ಅವರು ತಂತಿಯ ಬಿಗಿ ಬದಲಿಸಬಹುದು. ಕೊಳಲಿನವನಿಗೆ ಆ ಭಾಗ್ಯ ಇಲ್ಲ.

ತೂತು ಹಾಕಿದ ಅದೇ ಸಲಾಕೆಯಿಂದ ಮೈಮೇಲೂ ಚಿತ್ತಾರ ಬರೆದವರು ಛತ್ತೀಸಗಢದ ಬಸ್ತರಿನ ಬಿದಿರು ಕೆಲಸಗಾರರು. ಅವರ ಸುಲೂರ್ ಎಂಬ ಕೊಳವೆಯನ್ನು ಊದಬೇಕಾಗಿಲ್ಲ, ಕೈಯಲ್ಲಿ ಹಿಡಿದು ಬೀಸಿದರೆ ಗಾಳಿ ನುಗ್ಗಿ ಗುಂಯ್‌ಗುಡುತ್ತದೆ. ಕಾಡಿನಲ್ಲಿ ನಡೆಯುವಾಗ ಪ್ರಾಣಿಗಳು ದೂರ ಸರಿಯಲಿ ಎಂದು ಬೀಸುತ್ತಿದ್ದರು ಎಂದು ಹೇಳುತ್ತಾರೆ. ಬೇಟೆಯ ಪೀಪಿ ಪ್ರಾಣಿಯನ್ನು ಹತ್ತಿರ ಕರೆದರೆ, ಇದು ದೂರ ಕಳಿಸುತ್ತದೆ. ಮೈತುಂಬ ಕಾದ ಕಬ್ಬಿಣದಿಂದ ಸುಟ್ಟ ಗೆರೆ, ಚೌಕ, ಮೀನು, ಎಲೆ. ಬಿದಿರಿನ ಹೊರಸಿಪ್ಪೆಯಲ್ಲಿ ಸಿಲಿಕಾ ಹೆಚ್ಚು, ಬಣ್ಣ ಹಚ್ಚಿದರೆ ನಿಲ್ಲದೆ ಜಾರುತ್ತದೆ. ಬೆಂಕಿಗೆ ಆ ತೊಡಕಿಲ್ಲ, ಏಕೆಂದರೆ ಅದು ಮೇಲೆ ಏನನ್ನೂ ಹಚ್ಚುವುದಿಲ್ಲ, ಇದ್ದದ್ದನ್ನೇ ಬದಲಿಸುತ್ತದೆ.

ಬಿಸಿ ಸಲಾಕೆಗೆ ಒಂದು ಪೀಡೆ: ಎರಡು ಗೆರೆ ಎಳೆಯುವಷ್ಟರಲ್ಲಿ ಆರಿಹೋಗುತ್ತದೆ, ಮತ್ತೆ ಒಲೆಗೆ ಓಡಬೇಕು. ಇದಕ್ಕೆ ಪರಿಹಾರ ಬಂದದ್ದು ಆಸ್ಪತ್ರೆಯಿಂದ. ರಕ್ತ ಸೋರುವ ಜಾಗವನ್ನು ಸುಟ್ಟು ಮುಚ್ಚಲು 1876ರಲ್ಲಿ ಪ್ಯಾರಿಸ್ಸಿನ ವೈದ್ಯ ಕ್ಲೋದ್ ಪಾಕಲಾಂ ಟೊಳ್ಳಾದ ಪ್ಲಾಟಿನಂ ತುದಿಯ ಒಂದು ಉಪಕರಣ ತಂದ. ಒಳಗೆ ಇಂಧನದ ಆವಿ ಊದುತ್ತಿದ್ದರೆ ಪ್ಲಾಟಿನಂ ಅದನ್ನು ಉರಿಸುತ್ತ ತಾನು ಕೆಂಪಗೆ ಇರುತ್ತಿತ್ತು. ಕೆಲವೇ ವರ್ಷದಲ್ಲಿ ಅದು ಯುರೋಪಿನ ಮನೆಗಳಲ್ಲಿ ಮರದ ಪೆಟ್ಟಿಗೆಗಳ ಮೇಲೆ ಹೂ ಬರೆಯುವ ಹವ್ಯಾಸದ ಸಾಧನವಾಯಿತು. ಈಗಿನ ಪೆನ್ನುಗಳಲ್ಲಿ ಇರುವುದು ವಿದ್ಯುತ್ತಿನಿಂದ ಕಾಯುವ ನೈಕ್ರೋಮ್ ತುದಿ.

ವಿದ್ಯುತ್ತಿನ ಮಾತು ಬಂತು, ಆದ್ದರಿಂದ ಕಟುವಾಗಿಯೇ ಹೇಳುತ್ತೇನೆ. ಹಳೆಯ ಮೈಕ್ರೋವೇವ್ ಒಲೆಯ ಟ್ರಾನ್ಸ್‌ಫಾರ್ಮರ್ ಕಿತ್ತು, ಉಪ್ಪುನೀರು ಸವರಿದ ಹಲಗೆಗೆ ಜೋಡಿಸಿ ಮಿಂಚಿನ ಕವಲುಗಳಂಥ ಸುಟ್ಟ ಗೆರೆ ಮೂಡಿಸುವ ವಿಡಿಯೋಗಳು ಹರಿದಾಡುತ್ತವೆ. 1777ರ ಸುಮಾರಿಗೆ ಲಿಚ್ಟೆನ್‌ಬರ್ಗ್ ಎಂಬ ವಿಜ್ಞಾನಿ ಗುರುತಿಸಿದ ಕವಲು ಚಿತ್ರಗಳ ಹೆಸರಿನಲ್ಲಿ ಇದನ್ನು ಕರೆಯುತ್ತಾರೆ. ಆ ಟ್ರಾನ್ಸ್‌ಫಾರ್ಮರಿನಲ್ಲಿ ಇರುವುದು ಸುಮಾರು 2000 ವೋಲ್ಟ್, ಎದೆ ನಿಲ್ಲಿಸಲು ಬೇಕಾದಷ್ಟು ಕರೆಂಟಿನ ಸಮೇತ. ಇದರಿಂದ ಅನೇಕರು ಸತ್ತಿದ್ದಾರೆ. ಅಮೆರಿಕದ ಮರ ಕಡೆಯುವವರ ಸಂಘವೇ ತನ್ನ ಕಾರ್ಯಕ್ರಮಗಳಲ್ಲಿ ಇದನ್ನು ನಿಷೇಧಿಸಿದೆ. ಚೆಂದ ಕಾಣುತ್ತದೆ ಎಂಬುದು ನಿಜ. ಮಾಡಬೇಡಿ.

ಸಾಮಾನ್ಯ ಸುಡುವಿಕೆಯ ಅಪಾಯ ಇಷ್ಟು ಥಟ್ಟನೆ ಬರುವುದಿಲ್ಲ, ಹೊಗೆಯಲ್ಲಿ ಬರುತ್ತದೆ. ನಿಪ್ಪಾಣಿಯಲ್ಲಿ ಹೊಗೆಸೊಪ್ಪು ಮತ್ತು ಬೀಡಿಯ ನೆರಳಲ್ಲಿ ಬೆಳೆದವರಿಗೆ ಹೊಗೆಯ ಬಗ್ಗೆ ಹೊಸದಾಗಿ ಹೇಳಬೇಕಾಗಿಲ್ಲ. ಎಲೆ ಸುಟ್ಟರೂ ಮರ ಸುಟ್ಟರೂ ಅರೆಬೆಂದ ಸೆಲ್ಯುಲೋಸ್ ಮತ್ತು ಲಿಗ್ನಿನ್‌ನಿಂದ ಹುಟ್ಟುವ ಟಾರಿನಲ್ಲಿ ಬೆಂಜೋಪೈರೀನಿನಂಥ ಕ್ಯಾನ್ಸರ್‌ಕಾರಕಗಳು ಇರುತ್ತವೆ. ಕಿಟಕಿ ತೆರೆದು, ಹೊಗೆ ಮುಖದಿಂದ ಆಚೆ ಹೋಗುವ ಹಾಗೆ ಫ್ಯಾನ್ ಇಟ್ಟು ಕೂಡಬೇಕು. ಪ್ಲೈವುಡ್ ಸುಟ್ಟರೆ ಅದರ ಅಂಟಿನಿಂದ ಫಾರ್ಮಾಲ್ಡಿಹೈಡ್. ಔಷಧಿ ಕುಡಿಸಿದ ಹಸಿರು ಛಾಯೆಯ ಮರದಲ್ಲಿ ಆರ್ಸೆನಿಕ್ ಇರಬಹುದು. ಹಳೆಯ ರೈಲ್ವೆ ಸ್ಲೀಪರಿನಲ್ಲಿ ಕ್ರಿಯೋಸೋಟ್. ಮನೆ ಅಂಗಳದಲ್ಲಿ ಸಿಗುತ್ತದೆಂದು ಕಣಗಿಲೆ ಕಡ್ಡಿ ಸುಡಲೇಬಾರದು, ಅದರ ಹೊಗೆಯೂ ವಿಷ.

ಸುಟ್ಟ ಚಿತ್ತಾರ ಎಷ್ಟು ದಿನ ಬಾಳುತ್ತದೆ? ಕಪ್ಪು ಬಾಳುತ್ತದೆ, ಕಂದು ಬಾಳುವುದಿಲ್ಲ. ಇದ್ದಿಲು ಬಹುಮಟ್ಟಿಗೆ ಇಂಗಾಲ, ಬಿಸಿಲಿಗೂ ಜಗ್ಗುವುದಿಲ್ಲ. ಉತ್ಖನನದಲ್ಲಿ ಸಿಕ್ಕ ಸಾವಿರಾರು ವರ್ಷ ಹಳೆಯ ಒಲೆಗಳಿಗೆ ಕಾಲ ಕಟ್ಟಲು ಪುರಾತತ್ವದವರು ನೆಚ್ಚುವುದು ಅಲ್ಲಿಯ ಇದ್ದಿಲ ಚೂರನ್ನೇ. ಜೇನುಬಣ್ಣದ ನೆರಳು ಹಾಗಲ್ಲ. ಅದು ಅರೆ ಒಡೆದ ಅಣುಗಳ ಬಣ್ಣ, ಬಿಸಿಲಿನ ನೇರಳಾತೀತ ಕಿರಣ ಅವುಗಳನ್ನು ಪೂರಾ ಒಡೆದು ಬಿಳಿಚಿಸುತ್ತದೆ. ಸುತ್ತಲಿನ ಸುಡದ ಮರವೂ ಬಿಸಿಲಿಗೆ ಹಳದಿ ತಿರುಗುವುದರಿಂದ ಎರಡರ ನಡುವಿನ ಅಂತರ ಇನ್ನೂ ಕಡಿಮೆಯಾಗುತ್ತದೆ. ಕಿಟಕಿಯ ಎದುರು ತೂಗುಹಾಕಿದ ಚಿತ್ರದಲ್ಲಿ ಕೆಲವು ವರ್ಷಗಳಲ್ಲೇ ಗೆರೆಗಳು ಮಾತ್ರ ಉಳಿದು ನೆರಳೆಲ್ಲ ಅಳಿಸಿಹೋಗಿರುತ್ತದೆ.

ಊದುವ ವಸ್ತುವಾದರೆ ಇನ್ನೊಂದು ಮಾತಿದೆ. ಇದ್ದಿಲಿನ ಪುಡಿ ಕೈಗೆ ಹತ್ತಬಾರದೆಂದು ಮೇಲೆ ಅರಗಿನ ದ್ರಾವಣವನ್ನೋ ಒಣಗುವ ಎಣ್ಣೆಯನ್ನೋ ಹಚ್ಚುತ್ತಾರೆ, ಅದು ಒಳ್ಳೆಯದೇ. ಆದರೆ ತುಟಿ ತಾಗುವ ಜಾಗದಲ್ಲಿ, ಟಾರು ಇಂಗಿದ ಸುಟ್ಟ ಮೈಯ ಮೇಲೆ ಎಷ್ಟು ಪದರ ಹಚ್ಚಿದರೂ ಎಂಜಲು ಮತ್ತು ಉಜ್ಜಾಟಕ್ಕೆ ಅದು ಸವೆಯುತ್ತದೆ. ಕೊಳಲಿರಲಿ, ಮಕ್ಕಳ ಪೀಪಿಯಿರಲಿ, ಬಾಯಿಗಿಡುವ ತುದಿಯಿಂದ ಎರಡು ಬೆರಳಷ್ಟು ಜಾಗ ಬಿಟ್ಟು ಆಮೇಲೆ ಚಿತ್ತಾರ ಶುರುಮಾಡಿ. ಊದುವ ತೂತನ್ನು ಸುಟ್ಟೇ ಮಾಡಿದ್ದರೆ, ಅದರ ಅಂಚಿನ ಕಪ್ಪು ಪೂರ್ತಿ ಹೋಗುವವರೆಗೆ ಮರಳುಕಾಗದದಿಂದ ಉಜ್ಜಬೇಕು.